ಗಣಿಯ ಕೂಲಿ, ಚೆಂಡಿನ ಕೂಲಿ

ಬೆಂಗಳೂರಿನಿಂದ ಜೋಲಾರಪೇಟೆಯ ದಾರಿ ಹಿಡಿದ ರೈಲುಗಾಡಿ ಬಂಗಾರಪೇಟೆಯಲ್ಲಿ ನಿಂತಾಗ ಇಳಿಯುವವರ ಗದ್ದಲ ಹೇಳತೀರದು. ಚಿನ್ನದ ಸೀಮೆಯ ಬಾಗಿಲಲ್ಲಿರುವ ಊರಿಗೆ ಈ ಹೆಸರು ಒಪ್ಪಿದ್ದೇ ಸರಿ ಎಂದು ಹೊಸಬರು ತಲೆದೂಗುತ್ತಾರೆ. ಹೆಸರು ಬಂದ ಬಗೆ ಮಾತ್ರ ಬೇರೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ನೆನಪಿಗೆ ಅದು ಬೌರಿಂಗ್‌ಪೇಟೆಯಾಗಿತ್ತು, ಆಮೇಲೆ ಬಂಗಾರಪೇಟೆಯಾಯಿತು. ಇಲ್ಲಿಂದ ತೆಂಕಣಕ್ಕೆ ಕವಲೊಡೆದ ಒಂದು ಪುಟ್ಟ ಹಾದಿ ಕೋರಮಂಡಲ, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಮುಗಿದುಹೋಗುತ್ತದೆ. ೧೮೯೪ರಲ್ಲಿ ಈ ಕವಲನ್ನು ಹಾಕಿದ್ದು ಗಣಿಗೆ ಜನವನ್ನೂ ಸಾಮಾನನ್ನೂ ಒಯ್ಯುವುದಕ್ಕಾಗಿ. ಈಗ ಅದೇ ಗಾಡಿ ಬೆಳಗಿನ ಜಾವ ಗಣಿಯ ಊರಿನಿಂದ ಜನವನ್ನು ತುಂಬಿಕೊಂಡು ಬೆಂಗಳೂರಿಗೆ ಬರುತ್ತದೆ, ಸಂಜೆ ಹಿಂದಕ್ಕೆ ಒಯ್ಯುತ್ತದೆ. ಕೂಲಿ ಇರುವ ದಿಕ್ಕು ಬದಲಾಯಿತು, ಗಾಡಿಯ ದಿಕ್ಕೂ ಬದಲಾಯಿತು.

ಇಂದಿನ ವಿಷಯ ಕಾಲ್ಚೆಂಡಾಟ. ಕಾಲ್ಚೆಂಡಿಗೂ ಚಿನ್ನದ ಗಣಿಗೂ ಏನು ನಂಟು ಎಂದು ಕೇಳುವವರಿರಬಹುದು. ಆಟಗಾರನ ಅನ್ನ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ನಂಟು ತಾನಾಗಿ ಕಾಣುತ್ತದೆ. ನಮ್ಮ ರಾಜ್ಯದ ತಂಡವೊಂದು ದೇಶದ ವೃತ್ತಿಪರ ಲೀಗನ್ನು ಮೊದಲ ಬಾರಿಗೆ ಗೆದ್ದದ್ದು ೨೦೧೪ರಲ್ಲಿ. ಆ ಒಂದು ಋತುವಿನ ಕಥೆಯನ್ನು ಹೇಳಬೇಕಾದರೆ ಮೊದಲು ಗಣಿಯ ಕಥೆಯನ್ನು ಹೇಳಬೇಕು.

೧೮೮೦ರಿಂದೀಚೆಗೆ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆಯವರು ಇಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡರು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂದು ಗಣಿಗಳು ಸಾಲುಗಟ್ಟಿದವು. ಶಿವನಸಮುದ್ರದ ವಿದ್ಯುಚ್ಛಕ್ತಿ ೧೯೦೨ರಲ್ಲಿ ತೊಂಬತ್ತೆರಡು ಮೈಲಿ ನಡೆದು ಇಲ್ಲಿಗೆ ಬಂದಿತು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಗಣಿಗಳು ಭರದಲ್ಲಿದ್ದಾಗ ಮೂವತ್ತು ಸಾವಿರದ ಆಸುಪಾಸು ಜನ ಇಲ್ಲಿ ದುಡಿಯುತ್ತಿದ್ದರು. ಉತ್ತರ ಆರ್ಕಾಟು, ಸೇಲಂ ಕಡೆಯ ತಮಿಳರು, ಚಿತ್ತೂರಿನ ತೆಲುಗರು, ಸುತ್ತಣ ಹಳ್ಳಿಗಳ ಕನ್ನಡಿಗರು, ಆಂಗ್ಲೋ ಇಂಡಿಯನ್ನರು, ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿ ಕಸಬುದಾರರು, ಹೀಗೆ ಅದೊಂದು ಜನಸಂತೆ. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಮೀರಿ ಭೂಮಿಯ ಒಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಕಾವು. ಯಾವ ಗಳಿಗೆಯಲ್ಲಿ ಬಂಡೆ ಸಿಡಿದು ಮೇಲೆ ಬೀಳುತ್ತದೆಯೋ ಹೇಳುವಂತಿರಲಿಲ್ಲ.

ಎಂಟು ಗಂಟೆ ಅಂಥ ಕತ್ತಲೆಯಲ್ಲಿ ದುಡಿದು ಮೇಲೆ ಬಂದವನಿಗೆ ಬಯಲು ಎಂದರೇನು ಎಂಬುದನ್ನು ನಾವು ಮನೆಯೊಳಗೆ ಕುಳಿತು ಊಹಿಸುವುದು ಕಷ್ಟ. ಸಾಹೇಬರು ತಮಗಾಗಿ ಕ್ಲಬ್ಬು, ಟೆನಿಸ್ಸು, ಗಾಲ್ಫು ಎಲ್ಲವನ್ನೂ ಕಟ್ಟಿಕೊಂಡರು. ಅವುಗಳ ಬೇಲಿಯೊಳಗೆ ಕೂಲಿಯವನಿಗೆ ಎಡೆಯಿರಲಿಲ್ಲ. ಕಾಲ್ಚೆಂಡಿಗೆ ಬೇಲಿ ಬೇಕಿಲ್ಲ. ಗಟ್ಟಿ ನೆಲ ಒಂದು ಪಟ್ಟಿ, ಎರಡು ಕಡೆ ಎರಡೆರಡು ಕಲ್ಲು, ಹನ್ನೊಂದು ಜೊತೆ ಬರಿಗಾಲು, ಇಷ್ಟಿದ್ದರೆ ಆಟ ನಡೆಯಿತು. ಹಾಕಿ, ಬಾಕ್ಸಿಂಗುಗಳ ಜೊತೆಗೆ ಕಾಲ್ಚೆಂಡು ಗಣಿಯ ಲೈನ್ ಮನೆಗಳ ಆಟವಾಯಿತು. ಕಾರ್ನ್‌ವಾಲಿನವರಿಗೆ ತಮ್ಮೂರಿನಲ್ಲಿ ಕೈಯಲ್ಲಿ ಚೆಂಡು ಹಿಡಿದು ಓಡುವ ರಗ್ಬಿ ಆಟವೇ ಹೆಚ್ಚು ಪ್ರಿಯವಂತೆ. ಪುಣ್ಯಕ್ಕೆ ಆ ಜಗಳಗಂಟ ಆಟ ನಮ್ಮವರಿಗೆ ಹಿಡಿಸಲಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಮಾತುಂಟು. ಗಣಿಯ ಊರಿನಲ್ಲಿ ಆಟಗಾರನಿಗೆ ಕೂಲಿ ಕೊಡುತ್ತಿದ್ದುದು ಗಣಿ; ಚೆಂಡಲ್ಲ. ಅವನು ಮೊದಲು ಕೆಲಸಗಾರ, ಆಮೇಲೆ ಆಟಗಾರ. ಕಾಲು ಮುರಿದರೂ ಮಸ್ಟರ್ ರೋಲಿನಲ್ಲಿ ಹೆಸರಿರುತ್ತಿತ್ತು. ಆಟ ಅವನಿಗೆ ಅನ್ನ ಕೊಡಲಿಲ್ಲ, ಆದರೆ ಅವನ ಅನ್ನವನ್ನು ಕಿತ್ತುಕೊಳ್ಳಲೂ ಇಲ್ಲ.

ಬೆಂಗಳೂರಿನಲ್ಲಿ ಇದೇ ಪದ್ಧತಿ ಇನ್ನೊಂದು ರೂಪದಲ್ಲಿ ಬೇರೂರಿತು. ದಂಡಿನ ಪ್ರದೇಶದಲ್ಲಿ ಗೋರಾ ಸಿಪಾಯಿಗಳ ಆಟವನ್ನು ನೋಡಿ ಕಲಿತ ಹುಡುಗರು ಗುರುಗಳನ್ನೇ ಮೀರಿಸಿದರು. ಮುಂಬಯಿಯ ರೋವರ್ಸ್ ಕಪ್ಪು ೧೮೯೧ರಿಂದ ಬ್ರಿಟಿಷ್ ಪಡೆಗಳ ಸ್ವತ್ತಿನಂತೆ ಇದ್ದದ್ದನ್ನು ೧೯೩೭ರಲ್ಲಿ ಕಸಿದು ತಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮರು ವರ್ಷವೂ ಅದನ್ನು ಬಿಟ್ಟುಕೊಡಲಿಲ್ಲ. ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡ ೧೯೪೬-೪೭, ೧೯೫೨-೫೩, ೧೯೬೭-೬೮, ೧೯೬೮-೬೯ ಈ ನಾಲ್ಕು ಬಾರಿಯೂ ಬಂಗಾಳವನ್ನೇ ಮಣಿಸಿ ಗೆದ್ದಿತು. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕಮಾತ್ರ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹಮದ್ ಖಾನ್, ಧನರಾಜ್ ಇವರು ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡದ ಪಂಚಪಾಂಡವರಲ್ಲಿ ಇಬ್ಬರಾದರು. ಅಲ್ಲಿನವರು ಕೊಟ್ಟ ಹೆಸರು ಅದು.

ಕಲ್ಕತ್ತೆಗೆ ಹೋಗಲಾರದವರಿಗೆ ಕಾರ್ಖಾನೆಗಳಿದ್ದವು. ೧೯೪೦ರಲ್ಲಿ ವಿಮಾನ ಕಾರ್ಖಾನೆ, ೧೯೪೮ರಲ್ಲಿ ಟೆಲಿಫೋನ್ ಕಾರ್ಖಾನೆ, ಆಮೇಲೆ ಒಂದರ ಹಿಂದೆ ಒಂದು. ೧೯೬೪ರಲ್ಲಿ ಹುಟ್ಟಿದ ಬಿ.ಇ.ಎಂ.ಎಲ್. ಗಣಿಯ ಊರಿನಲ್ಲಿಯೇ ತನ್ನ ದೊಡ್ಡ ಕಾರ್ಖಾನೆಯನ್ನು ಕಟ್ಟಿತು. ಚೆನ್ನಾಗಿ ಆಡುವ ಹುಡುಗನನ್ನು ಈ ಕಾರ್ಖಾನೆಗಳು ಕರೆದು ಕೆಲಸ ಕೊಡುತ್ತಿದ್ದವು. ಬೆಳಗ್ಗೆ ಅಭ್ಯಾಸ, ಆಮೇಲೆ ಕೆಲಸ, ಪಂದ್ಯವಿದ್ದರೆ ರಜೆ. ಮೊಣಕಾಲು ಸವೆದ ಮೇಲೆ ಮೇಜು ಕುರ್ಚಿಯ ಕೆಲಸ. ಪ್ರಾವಿಡೆಂಟ್ ಫಂಡು, ಕಾಯಿಲೆಗೆ ಆಸ್ಪತ್ರೆ, ಮದುವೆಯಾದರೆ ಕ್ವಾರ್ಟರ್ಸು. ಹೆಣ್ಣು ಕೊಡುವವರು ಕೇಳುವ ಪ್ರಶ್ನೆಗಳಿಗೆಲ್ಲ ಅದರಲ್ಲಿ ಉತ್ತರವಿತ್ತು. ೧೯೬೪ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಓಡಿದ ಕೆನೆತ್ ಪೊವೆಲ್ ಕೋಲಾರದ ಗಣಿಸೀಮೆಯವರು. ಅವರಿಗೆ ಆಶ್ರಯ ಕೊಟ್ಟದ್ದು ಟೆಲಿಫೋನ್ ಕಾರ್ಖಾನೆ. ಓಟಗಾರನಿಗೆ ಆದದ್ದೇ ಚೆಂಡಿನ ಆಟಗಾರನಿಗೂ ಆಯಿತು.

ಈ ಪದ್ಧತಿಯನ್ನು ಗೇಲಿ ಮಾಡುವವರು ಅಂದೂ ಇದ್ದರು. ಕಚೇರಿಯ ಆಟಗಾರನಿಗೆ ಹಸಿವಿಲ್ಲ, ಸೋತರೂ ಸಂಬಳ ನಿಲ್ಲುವುದಿಲ್ಲ, ಆದಕಾರಣ ನಮ್ಮ ಆಟ ಮೇಲಕ್ಕೇಳದು ಎಂಬುದು ಅವರ ವಾದ. ತೆಗೆದುಹಾಕುವ ಮಾತಲ್ಲ. ಆದರೆ ಹಸಿವೇ ಆಟವನ್ನು ಕಲಿಸುವಂತಿದ್ದರೆ ನಮ್ಮ ದೇಶ ಎಂದೋ ವಿಶ್ವಕಪ್ಪನ್ನು ಗೆಲ್ಲಬೇಕಾಗಿತ್ತು.

ಗಣಿಗೆ ಹಿಂದಿರುಗೋಣ. ೧೯೫೬ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. ೧೯೬೨ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಯಿತು. ಆಳ ಹೆಚ್ಚಿದಂತೆ ಖರ್ಚು ಹೆಚ್ಚಿತು, ಅದಿರಿನಲ್ಲಿ ಚಿನ್ನ ಕಡಮೆಯಾಯಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ ಚಿನ್ನವನ್ನು ಕೊಟ್ಟ ನೆಲದ ಬಾಗಿಲು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಮುಚ್ಚುವ ಹೊತ್ತಿಗೆ ಉಳಿದಿದ್ದ ಕೆಲಸಗಾರರು ಕೆಲವೇ ಸಾವಿರ. ಮೈದಾನಗಳು ಎಲ್ಲಿಗೂ ಹೋಗಲಿಲ್ಲ. ಮೈದಾನಕ್ಕೆ ಬರುವ ಮುಂಚೆ ಆಟಗಾರನ ಹೊಟ್ಟೆ ತುಂಬಿಸುತ್ತಿದ್ದ ಮಸ್ಟರ್ ರೋಲು ಹೋಯಿತು.

ಸರಿಯಾಗಿ ಅದೇ ವರ್ಷಗಳಲ್ಲಿ ದೇಶದ ಕಾಲ್ಚೆಂಡು ವೃತ್ತಿಯ ದಾರಿಯನ್ನು ಹಿಡಿದಿತ್ತು. ೧೯೯೬ರ ಕೊನೆಯಲ್ಲಿ ರಾಷ್ಟ್ರೀಯ ಲೀಗ್ ಆರಂಭವಾಯಿತು. ೨೦೦೭ರಲ್ಲಿ ಅದು ಐ-ಲೀಗ್ ಎಂಬ ಹೊಸ ಹೆಸರನ್ನು ಪಡೆಯಿತು. ಐ.ಟಿ.ಐ., ಎಚ್.ಎ.ಎಲ್. ತಂಡಗಳು ಕಾರ್ಖಾನೆಯ ಸಂಬಳದ ಆಟಗಾರರನ್ನೇ ಕಟ್ಟಿಕೊಂಡು ರಾಷ್ಟ್ರೀಯ ಲೀಗಿನಲ್ಲಿ ಆಡಿದವು. ಎದುರಿಗಿದ್ದ ಗೋವೆಯ, ಕಲ್ಕತ್ತೆಯ ಕ್ಲಬ್ಬುಗಳು ವಿದೇಶದ ಆಟಗಾರರನ್ನು ತರುತ್ತಿದ್ದವು. ಕಾರ್ಖಾನೆಯ ನೇಮಕಾತಿ ನಿಯಮದಲ್ಲಿ ಬ್ರೆಜಿಲಿನವನಿಗೆ ಜಾಗ ಎಲ್ಲಿಂದ ಬರಬೇಕು? ಎಚ್.ಎ.ಎಲ್. ೨೦೧೧-೧೨ರ ಋತುವಿನಲ್ಲಿ ಕೆಳಗಿನ ದರ್ಜೆಗೆ ಇಳಿಯಿತು. ಮರು ವರ್ಷ ಏರ್ ಇಂಡಿಯಾ, ಒ.ಎನ್.ಜಿ.ಸಿ. ತಂಡಗಳು ಲೈಸೆನ್ಸಿನ ಕಟ್ಟಳೆಗೆ ಒಗ್ಗದೆ ಹೊರಬಿದ್ದವು. ಕ್ಲಬ್ಬು ಸ್ವತಂತ್ರ ಕಂಪನಿಯಾಗಿರಬೇಕು, ಆಟಗಾರನಿಗೂ ಅದಕ್ಕೂ ಕರಾರು ಇರಬೇಕು ಎಂಬುದು ಆ ಕಟ್ಟಳೆಯ ಸಾರ.

ಹೀಗಾಗಿ ೨೦೧೩-೧೪ರ ಲೀಗಿನಲ್ಲಿ ನಿಂತ ಹದಿಮೂರು ತಂಡಗಳಲ್ಲಿ ಒಂದೂ ಕಚೇರಿಯ ತಂಡವಿರಲಿಲ್ಲ. ಕಲ್ಕತ್ತೆಯಿಂದ ನಾಲ್ಕು: ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಮೊಹಮ್ಮಡನ್ ಸ್ಪೋರ್ಟಿಂಗ್, ಯುನೈಟೆಡ್. ಗೋವೆಯಿಂದ ನಾಲ್ಕು: ಡೆಂಪೊ, ಸಾಲ್ಗಾಂವ್‌ಕರ್, ಚರ್ಚಿಲ್ ಬ್ರದರ್ಸ್, ಸ್ಪೋರ್ಟಿಂಗ್. ಶಿಲ್ಲಾಂಗಿನಿಂದ ಲಾಜಾಂಗ್ ಮತ್ತು ರಂಗ್‌ದಾಜಿಡ್. ಮುಂಬಯಿ, ಪುಣೆಗಳಿಂದ ಒಂದೊಂದು. ಹದಿಮೂರನೆಯದು, ೨೦೧೩ರ ಜುಲೈನಲ್ಲಿ ಹುಟ್ಟಿ ಇನ್ನೂ ಹಾಲುಹಲ್ಲು ಬೀಳದ ಬೆಂಗಳೂರು ಎಫ್.ಸಿ.

ಈ ಪಟ್ಟಿಯನ್ನು ಚಿನ್ನದ ಗಣಿಯ ಕಣ್ಣಿನಿಂದ ಒಮ್ಮೆ ನೋಡಿ. ಡೆಂಪೊ, ಸಾಲ್ಗಾಂವ್‌ಕರ್ ಎಂಬುವು ಗೋವೆಯ ಕಬ್ಬಿಣದ ಅದಿರಿನಿಂದ ಬೆಳೆದ ಮನೆತನಗಳ ಹೆಸರು. ಅದಿರು ಹೊತ್ತ ದೋಣಿಗಳು ಮಾಂಡೋವಿ ನದಿಯಲ್ಲಿ ಇಳಿಯುತ್ತಿದ್ದ ಕಾಲದಲ್ಲಿ ಅದರ ಒಂದು ಪಾಲು ಮೈದಾನಕ್ಕೆ ಹರಿಯಿತು. ಸಾಲ್ಗಾಂವ್‌ಕರ್ ಕ್ಲಬ್ಬು ೧೯೫೬ರದು. ೧೯೬೮ರ ಡೆಂಪೊ ಕ್ಲಬ್ಬು ರಾಷ್ಟ್ರೀಯ ಲೀಗ್, ಐ-ಲೀಗ್ ಎರಡೂ ಸೇರಿ ಐದು ಸಲ ದೇಶದ ಚಾಂಪಿಯನ್ ಆಯಿತು. ಬೆಂಗಳೂರು ಎಫ್.ಸಿ.ಯ ಒಡೆಯರು ಜೆ.ಎಸ್.ಡಬ್ಲ್ಯು. ಉಕ್ಕಿನವರು; ಅವರ ದೊಡ್ಡ ಕುಲುಮೆ ಉರಿಯುವುದು ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ. ಚೆಂಡು ಅದಿರನ್ನು ಬಿಟ್ಟು ದೂರ ಹೋಗಲಿಲ್ಲ. ಬದಲಾದದ್ದು ಇಷ್ಟೆ: ಕೋಲಾರದಲ್ಲಿ ಗಣಿಯ ಕೂಲಿಯವನೇ ಆಟಗಾರ, ಇಲ್ಲಿ ಗಣಿಯ ದುಡ್ಡಿನಿಂದ ಆಟಗಾರನಿಗೆ ಕೂಲಿ.

ಅದಿರಿನ ಏರಿಳಿತವೂ ಆಟದ ಹಿಂದೆಯೇ ಬಂತು. ಡೆಂಪೊ ಮನೆಯವರು ೨೦೦೯ರಲ್ಲಿಯೇ ಗಣಿ ವ್ಯವಹಾರವನ್ನು ಸೇಸಾ ಗೋವಾಕ್ಕೆ ಮಾರಿದ್ದರು. ೨೦೧೨ರ ಸೆಪ್ಟೆಂಬರಿನಲ್ಲಿ ಗೋವೆಯ ಸರ್ಕಾರ, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಲ್ಲಿನ ಗಣಿಗಳನ್ನೆಲ್ಲ ನಿಲ್ಲಿಸಿದವು.

೨೦೧೩ರ ಸೆಪ್ಟೆಂಬರ್ ೨೨ರಂದು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಬೆಂಗಳೂರಿನ ಮೊದಲ ಪಂದ್ಯ. ಎದುರಾಳಿ ನೂರಿಪ್ಪತ್ತು ವರ್ಷ ಮೀರಿದ ಮೋಹನ್ ಬಾಗಾನ್. ಆಟ ಒಂದಕ್ಕೊಂದು ಗೋಲಿನಲ್ಲಿ ಸಮವಾಯಿತು; ಆಸ್ಟ್ರೇಲಿಯದ ಶಾನ್ ರೂನಿ ಬೆಂಗಳೂರಿನ ಮೊದಲ ಗೋಲನ್ನು ಹೊಡೆದರು. ತರಬೇತುದಾರ ಆ್ಯಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನವರು, ಮೂವತ್ತೇಳರ ತರುಣ. ನಾಯಕ ಸುನಿಲ್ ಛೆತ್ರಿ. ಊರಿಗೆ ಹೊಸಬರೇ ತುಂಬಿದ್ದ ಈ ತಂಡವನ್ನು ಬೆಂಗಳೂರಿನವರು ತಮ್ಮದೆಂದು ಒಪ್ಪುವರೇ ಎಂಬ ಸಂದೇಹ ಆರಂಭದಲ್ಲಿ ಇದ್ದೇ ಇತ್ತು. ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಬಟ್ಟೆ ತೊಟ್ಟು ತೊಂಬತ್ತು ನಿಮಿಷವೂ ಹಾಡುವ ಹುಡುಗರ ಗುಂಪೊಂದು ಕೂಡಿಕೊಂಡಿತು. ಗಂಟಲು ಹರಿದುಕೊಳ್ಳುವುದಕ್ಕೆ ವಂಶಾವಳಿ ಬೇಕಾಗಿಲ್ಲವೆಂದು ತೋರುತ್ತದೆ.

ಇಪ್ಪತ್ತನಾಲ್ಕು ಪಂದ್ಯಗಳು, ಏಳು ತಿಂಗಳು. ಛೆತ್ರಿ ಒಬ್ಬರೇ ಹದಿನಾಲ್ಕು ಗೋಲು ಹೊಡೆದರು. ೨೦೧೪ರ ಏಪ್ರಿಲ್ ೨೧ರಂದು ಮಡಗಾಂವಿನ ಫಾತೊರ್ಡಾ ಮೈದಾನದಲ್ಲಿ ಬೆಂಗಳೂರಿಗೆ ಎದುರಾದದ್ದು ಅದೇ ಡೆಂಪೊ. ನಾಲ್ಕಕ್ಕೆ ಎರಡು ಗೋಲುಗಳ ಗೆಲವು. ಇನ್ನೂ ಪಂದ್ಯ ಬಾಕಿಯಿರುವಾಗಲೇ ಪ್ರಶಸ್ತಿ ಕೈಗೆ ಬಂದಿತು. ಕೊನೆಯ ಲೆಕ್ಕದಲ್ಲಿ ಬೆಂಗಳೂರಿಗೆ ೪೭ ಅಂಕ, ಎರಡನೆಯದಾದ ಈಸ್ಟ್ ಬೆಂಗಾಲಿಗೆ ೪೩. ಲೀಗಿಗೆ ಕಾಲಿಟ್ಟ ಮೊದಲ ವರ್ಷವೇ ಗೆದ್ದದ್ದು ಚಿಕ್ಕ ಸಾಧನೆಯಲ್ಲ. ಕಾರ್ಖಾನೆಯ ತಂಡಗಳು ಹದಿನೈದು ವರ್ಷದಲ್ಲಿ ಮಾಡಲಾಗದ್ದನ್ನು ಕರಾರಿನ ಆಟಗಾರರು ಏಳು ತಿಂಗಳಲ್ಲಿ ಮಾಡಿದರು. ಆಟದ ಮಟ್ಟಿಗೆ ಹೇಳುವುದಾದರೆ ಹೊಸ ಪದ್ಧತಿಯೇ ಗೆದ್ದಿತು. ಇದನ್ನು ಒಪ್ಪದೆ ಹಳೆಯ ದಿನಗಳನ್ನೇ ಹೊಗಳುವುದು ನ್ಯಾಯವಲ್ಲ.

ಆದರೆ ಆ ಹದಿಮೂರು ತಂಡಗಳ ಮುಂದಿನ ಜಾತಕವನ್ನೂ ನೋಡಬೇಕು. ಹಿಂದಿನ ವರ್ಷದ ಚಾಂಪಿಯನ್ ಚರ್ಚಿಲ್, ಅದರೊಡನೆ ಯುನೈಟೆಡ್, ರಂಗ್‌ದಾಜಿಡ್ ಮೂರನ್ನೂ ಋತು ಮುಗಿದ ಕೂಡಲೆ ಲೈಸೆನ್ಸಿನ ಕಾರಣದಿಂದ ಹೊರಗೆ ಹಾಕಿದರು. ಮೊಹಮ್ಮಡನ್ ಕೆಳದರ್ಜೆಗೆ ಇಳಿಯಿತು. ಪುಣೆಯ ತಂಡ ೨೦೧೫ರಲ್ಲಿ ಬಾಗಿಲು ಹಾಕಿತು. ೨೦೧೬ರಲ್ಲಿ ಡೆಂಪೊ, ಸಾಲ್ಗಾಂವ್‌ಕರ್, ಸ್ಪೋರ್ಟಿಂಗ್ ಮೂವರೂ ಲೀಗನ್ನು ಬಿಟ್ಟು ಹೊರನಡೆದರು. ಮರು ವರ್ಷ ಮುಂಬಯಿಯದೂ ಮುಗಿಯಿತು. ಮೂರೇ ವರ್ಷದಲ್ಲಿ ಇಷ್ಟು. ಚರ್ಚಿಲ್, ಮೊಹಮ್ಮಡನ್, ಡೆಂಪೊ ಮುಂತಾದವು ಆಮೇಲೆ ಒಂದಲ್ಲ ಒಂದು ದರ್ಜೆಗೆ ಮರಳಿ ಬಂದದ್ದುಂಟು. ಆದರೆ ಇಪ್ಪತ್ತೆರಡು ವರ್ಷದ ಹುಡುಗನಿಗೆ ಕ್ಲಬ್ಬು ಮರಳಿ ಬರುವವರೆಗೆ ಕಾಯುವ ವಯಸ್ಸೆಲ್ಲಿ?

ಹೊರದೇಶದ ಒಂದು ಉದಾಹರಣೆಯನ್ನು ಇಲ್ಲಿ ಹೇಳಬಹುದು. ಜರ್ಮನಿಯ ಗೆಲ್ಸೆನ್‌ಕಿರ್ಖೆನ್ ಎಂಬ ಕಲ್ಲಿದ್ದಲ ಊರಿನಲ್ಲಿ ೧೯೦೪ರಲ್ಲಿ ಎಳೆಯ ಕೆಲಸಗಾರ ಹುಡುಗರು ಕಟ್ಟಿದ ಕ್ಲಬ್ಬು ಶಾಲ್ಕೆ. ಅದರ ಆಟಗಾರರಿಗೆ ಇಂದಿಗೂ ಗಣಿಯಾಳುಗಳೆಂದೇ ಅಡ್ಡಹೆಸರು. ಪಂದ್ಯಕ್ಕೆ ಮೊದಲು ಪ್ರೇಕ್ಷಕರು ಗಣಿಯ ಹಾಡನ್ನು ಹಾಡುತ್ತಾರೆ. ಆಟಗಾರರು ಮೈದಾನಕ್ಕೆ ಬರುವ ದಾರಿಯನ್ನು ಗಣಿಯ ಸುರಂಗದಂತೆ ರೂಪಿಸಿದ್ದಾರೆ. ೨೦೧೮ರಲ್ಲಿ ಜರ್ಮನಿಯ ಕಟ್ಟಕಡೆಯ ಕಲ್ಲಿದ್ದಲ ಗಣಿ ಮುಚ್ಚಿತು, ಶಾಲ್ಕೆ ಮುಚ್ಚಲಿಲ್ಲ. ಅದಕ್ಕೆ ಕಾರಣವಿದೆ. ಅಲ್ಲಿ ಕ್ಲಬ್ಬಿನ ಒಡೆಯರು ವರ್ಷವರ್ಷವೂ ಚಂದಾ ಕೊಡುವ ಲಕ್ಷಕ್ಕೂ ಮೀರಿದ ಸದಸ್ಯರು, ಗಣಿಯ ಕಂಪನಿಯಲ್ಲ. ನಮ್ಮಲ್ಲಿ ಕೋಲಾರದ ಕಂಪನಿಯಾಗಲಿ ಬೆಂಗಳೂರಿನ ಕಾರ್ಖಾನೆಯಾಗಲಿ ಆಟವನ್ನು ಸಾಕಿದವು, ಆದರೆ ಅದು ಎಂದೂ ಊರಿನ ಆಸ್ತಿಯಾಗಲಿಲ್ಲ. ಸಾಕಿದವರು ಕೈಬಿಟ್ಟಾಗ ಹಿಡಿದುಕೊಳ್ಳುವುದಕ್ಕೆ ಜನದ ಕೈಯಲ್ಲಿ ಏನೂ ಇರಲಿಲ್ಲ.

ಬೆಂಗಳೂರು ಎಫ್.ಸಿ. ೨೦೧೫-೧೬ರಲ್ಲಿ ಮತ್ತೊಮ್ಮೆ ಐ-ಲೀಗನ್ನು ಗೆದ್ದಿತು. ೨೦೧೬ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೂ ಹೋಯಿತು. ೨೦೧೭ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಸೇರಿ ೨೦೧೮-೧೯ರಲ್ಲಿ ಅದನ್ನೂ ಗೆದ್ದಿತು. ಸಂತೋಷ್ ಟ್ರೋಫಿ ಐವತ್ತನಾಲ್ಕು ವರ್ಷಗಳ ನಂತರ, ೨೦೨೩ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು ಸೋಲಿಸಿದ ಕರ್ನಾಟಕಕ್ಕೆ ಮರಳಿ ಬಂದಿತು. ಇವೆಲ್ಲ ಸಂತೋಷದ ಸುದ್ದಿಗಳೇ. ೨೦೨೫ರಲ್ಲಿ ಇನ್ನೊಂದು ಬಗೆಯ ಸುದ್ದಿ ಬಂತು. ಸೂಪರ್ ಲೀಗನ್ನು ನಡೆಸುವವರಿಗೂ ದೇಶದ ಫುಟ್‌ಬಾಲ್ ಸಂಸ್ಥೆಗೂ ಇದ್ದ ಒಪ್ಪಂದದ ಅವಧಿ ಮುಗಿಯುತ್ತ ಬಂದು, ಮುಂದಿನ ಋತು ನಡೆಯುತ್ತದೆಯೋ ಇಲ್ಲವೋ ಎಂಬ ಸ್ಥಿತಿ ಒದಗಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಮುಂದಿನ ತಿಳಿವಳಿಕೆಯವರೆಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು.

ಆ ಪ್ರಕಟಣೆ ಬೆಂಗಳೂರಿನ ಅಭಿಮಾನಿಗಳಿಗೆ ಸಿಡಿಲಿನಂತೆ ಎರಗಿತು. ಉರಿಗಾಂ, ಮಾರಿಕುಪ್ಪಂಗಳ ಲೈನ್ ಮನೆಗಳಲ್ಲಿ ಅಂಥ ಕಾಗದ ಹೊಸದಲ್ಲ. ೨೦೦೧ರಲ್ಲಿ ನಿಂತ ಕೆಲಸದ ಬಾಕಿ ಹಣ, ವಾಸವಿರುವ ಮನೆಯ ಹಕ್ಕು, ಇವುಗಳಿಗಾಗಿ ಅಲ್ಲಿನವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲೆದಿದ್ದಾರೆ. ಊರಿನ ಸುತ್ತ ಎದ್ದುನಿಂತಿರುವ ಸಯನೈಡ್ ದಿಬ್ಬಗಳನ್ನು ಸಿನಿಮಾದಲ್ಲಿ ನೋಡಿದವರು ಬಹಳ ಮಂದಿ. ಅದಿರನ್ನು ಅರೆದು ಚಿನ್ನ ತೆಗೆದಮೇಲೆ ಉಳಿದ ಹುಡಿ ಅದು. ಬೇಸಗೆಯ ಗಾಳಿಗೆ ಮನೆಮನೆಗೂ ಬರುತ್ತದೆ. ಅಂಥ ಹದಿಮೂರು ದಿಬ್ಬಗಳನ್ನು ಹರಾಜು ಹಾಕಿ, ಅಳಿದುಳಿದ ಚಿನ್ನವನ್ನು ಸೋಸುವ ಕೇಂದ್ರದ ಯೋಜನೆಗೆ ರಾಜ್ಯ ಸಂಪುಟ ೨೦೨೪ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮತ್ತೆ ಕೆಲಸ ಸಿಕ್ಕೀತೆಂದು ಊರಿನಲ್ಲಿ ಮಾತು ಹುಟ್ಟಿದೆ.

ಅಷ್ಟರವರೆಗೆ ಬೆಳಗಿನ ಗಾಡಿಯಿದೆ. ಕತ್ತಲಿರುವಾಗಲೇ ಮಾರಿಕುಪ್ಪಂನಲ್ಲಿ ಹತ್ತಿ, ಬಂಗಾರಪೇಟೆಯಲ್ಲಿ ಇನ್ನಷ್ಟು ಜನದ ನಡುವೆ ಒತ್ತಿಕೊಂಡು, ಊಟದ ಡಬ್ಬಿಯ ಜೊತೆಗೆ ಚೀಲದಲ್ಲಿ ಬೂಟುಗಳನ್ನು ಇಟ್ಟುಕೊಂಡ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಹಗಲು ದುಡಿಮೆ, ಭಾನುವಾರ ಆಟ.